ನಾಲೊಂಗೊ ಬೆನ್ನಿಗೊಂದು ಜೊತೆ ಶಾಕು

ಆ ದಿನದ ರಗಳೆಗೆಲ್ಲ ಮೂಲ, ನಾಲೊಂಗೊ ನಾಲಿಗೆ ಕಚ್ಚಿಕೊಂಡದ್ದು.

ಕಚ್ಚಿಕೊಂಡದ್ದು ಕಯೀವನ ಬೋಡಾ, ಅಂದರೆ ಬಾಡಿಗೆ ಬೈಕಿನ ಹಿಂದಿನ ಸೀಟಿನಲ್ಲಿ, ಕಿಯಂಜ ಸಂತೆಯ ತಿರುವಿನ ದೊಡ್ಡ ಗುಂಡಿಯಲ್ಲಿ. ಆ ಗುಂಡಿಗೂ ಕಯೀವನಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ರಸ್ತೆಗೆ ಎಷ್ಟೋ ಸಲ ಟೇಪು ಕತ್ತರಿಸಿ ಉದ್ಘಾಟನೆ ಆಗಿತ್ತು. ಪ್ರತಿ ಸಲವೂ ಡಾಂಬರು ಗುತ್ತಿಗೆದಾರನ ಹೊಟ್ಟೆ ಸೇರಿ, ಊರಿನ ಪಾಲಿಗೆ ಕತ್ತರಿಸಿದ ಟೇಪು ಉಳಿದಿತ್ತು. ಡಾಂಬರು ತಿಂದವನು ಮೆತ್ತನೆಯ ಕಾರಿನಲ್ಲಿ ಓಡಾಡುತ್ತಾನೆ. ಗುಂಡಿ ಬೋಡಾ ಓಡಿಸುವವನಿಗೆ.

ಕಯೀವನ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್‌ಗಳೋ, ಹೆಸರಿಗಷ್ಟೇ ಇದ್ದವು. ಎಣ್ಣೆಯೆಲ್ಲ ಸೋರಿ ಯಾವ ಕಾಲವಾಗಿತ್ತೋ. ಸ್ಪ್ರಿಂಗು ಹಸಿದ ಮೇಕೆಯಂತೆ ಅರಚುತ್ತಿತ್ತು. ಲಾರಿಯಿಂದ ಬಾಳೆಗೊನೆ ಇಳಿಸಿಕೊಂಡು ಸಂತೆಗೆ ಹೊರಟಿದ್ದ ನಾಲೊಂಗೊ, ಗೊನೆಯ ದರದ ಬಗ್ಗೆ ಯಾರನ್ನೋ ಬೈಯುತ್ತಾ ಕೂತಿದ್ದಳು. ಚಕ್ರ ಗುಂಡಿಗಿಳಿಯಿತು. ಧಡ್! ಬೈಗುಳದ ಅರ್ಧ ಹೊರಗೆ, ಅರ್ಧ ಹಲ್ಲಿನ ನಡುವೆ.

ಅವಳಿ ಮಕ್ಕಳನ್ನು ಹೆತ್ತವಳನ್ನು ಆ ಸೀಮೆಯಲ್ಲಿ ಎಲ್ಲರೂ ನಾಲೊಂಗೊ ಎಂದೇ ಕರೆಯುವುದು. ಅವಳ ಸ್ವಂತ ಹೆಸರನ್ನು ಯಾರೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಈ ನಾಲೊಂಗೊ ಆಳು ದಪ್ಪ, ದನಿ ಇನ್ನೂ ದಪ್ಪ. ಬೋಡಾಗಳು ಸಾಲಾಗಿ ನಿಲ್ಲುವ ಸ್ಟೇಜಿನಲ್ಲಿ ಇಳಿದವಳೇ ನಾಲಿಗೆ ಹೊರಹಾಕಿ ಎಲ್ಲರಿಗೂ ತೋರಿಸಿದಳು.

"ನೋಡ್ರೋ ಇವನು ಮಾಡಿದ್ದು!"

"ಅಮ್ಮ, ಗುಂಡಿ ಇತ್ತು..." ಎಂದ ಕಯೀವ.

"ಗುಂಡಿ ರಸ್ತೇಲಿತ್ತು. ಧಡ್ ಅಂದಿದ್ದು ನಿನ್ನ ಗಾಡಿ. ಒನಕೆ ಮೇಲೆ ಕೂತು ಬಂದಂಗಾಯ್ತು. ನನ್ನ ಬೆನ್ನೇನು ಕಾಫಿ ಬೀಜಾನಾ, ಹಿಂಗೆ ಕುಟ್ಟೋಕೆ?" ಆಮೇಲೆ ಅವಳು ಇಡೀ ಸ್ಟೇಜಿನ ಕಡೆ ತಿರುಗಿದಳು. "ಕೇಳ್ರಪ್ಪ ಎಲ್ಲಾ. ನಾನು ಊರಿಂದ ಬಂದು ಇಲ್ಲಿ ಅಂಗಡಿ ಹಾಕಿದೀನಿ. ದಿನಾ ಬರ್ಬೇಕು, ದಿನಾ ಹೋಗ್ಬೇಕು. ಇವತ್ತು ಸಂಜೆ ಬರ್ತೀನಿ. ಯಾವನ ಗಾಡೀಲಿ ನನ್ನ ಬೆನ್ನು ಬೆನ್ನಾಗೇ ಮನೆ ಮುಟ್ಟುತ್ತೋ ಅವನೇ ನನ್ನ ಖಾಯಂ ಬೋಡಾ. ಮಳೆ ಬರ್ಲಿ ಸಿಡ್ಲು ಬರ್ಲಿ, ಇನ್ನೊಬ್ಬನ ಗಾಡಿ ಹತ್ತಲ್ಲ."

ಖಾಯಂ ಎಂಬ ಮಾತು ಬಿದ್ದದ್ದೇ ಸ್ಟೇಜಿನಲ್ಲಿ ಎಲ್ಲರ ಬೆನ್ನೂ ನೆಟ್ಟಗಾಯಿತು. ಕಯೀವನದು ಎಲ್ಲರಿಗಿಂತ ಮೊದಲು ನೆಟ್ಟಗಾಯಿತು. ಅವನಿಗೆ ಅದರ ಅವಸರ ಎಲ್ಲರಿಗಿಂತ ಹೆಚ್ಚಿತ್ತು.

ಅವಸರದ ಹೆಸರು ನಲ್ವೋಗ. ಸಂತೆಯ ಆಚೆ ತುದಿಯಲ್ಲಿ ಜಡೆ ಹೆಣೆಯುವ ಅಂಗಡಿಯವಳು. ಇರುವುದು ಸೋದರತ್ತೆಯ ಮನೆಯಲ್ಲಿ. ಹೆಣ್ಣಿನ ಮದುವೆ ಮಾತೆಲ್ಲ ಸೋದರತ್ತೆಯ ಬಾಯಿಂದಲೇ ಆಗಬೇಕು. ಆ ಸೋದರತ್ತೆ ಶನಿವಾರ ಹುಡುಗನನ್ನು ನೋಡುತ್ತೇನೆಂದು ಹೇಳಿ ಕಳಿಸಿದ್ದಳು. "ಮೊದಲು ಕೇಳೋದೇ ದುಡಿಮೆ ವಿಷಯ," ಎಂದು ನಲ್ವೋಗ ಹಿಂದಿನ ದಿನ ಎಚ್ಚರಿಸಿದ್ದಳು. "ಖಾಯಂ ಗಿರಾಕಿ ಒಬ್ರಾದ್ರೂ ಇದ್ದಾರೆ ಅನ್ನು. ಇಲ್ಲಾಂದ್ರೆ ಚಹಾನೂ ಕೊಡಲ್ಲ. ಈಗ ಅಮ್ಮನೂ ಬಂದು ಕೂತಿದ್ದಾಳೆ. ಶನಿವಾರದ ತನಕ ನಮ್ಮ ಓಣಿ ಕಡೆ ತಲೆ ಹಾಕ್ಬೇಡ." ಕಯೀವ ಹಾಕಿದವನೂ ಅಲ್ಲ. ಅವಳನ್ನು ಬಿಡುತ್ತಿದ್ದುದು ಓಣಿಯ ಬಾಯಲ್ಲಿದ್ದ ಹಲಸಿನ ಮರದ ತನಕ ಮಾತ್ರ. ಮನೆ ಯಾವುದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ದೂರದಿಂದ ಕಿರ್ ಕಿರ್ ಎಂಬ ಸದ್ದು ಬಂತು. ಸ್ಟೇಜಿನ ಅಧ್ಯಕ್ಷ ಸೆರುಂಕುಮ ಕೈಯಲ್ಲಿದ್ದ ಚಹಾ ಲೋಟವನ್ನು ಕಯೀವನ ಕೈಗೆ ತುರುಕಿ, ಮೋರಿ ಹಾರಿ ಬಾಳೆತೋಟದೊಳಗೆ ಮಾಯವಾದ. ಸೈಕಲ್ಲಿನ ಹಿಂದೆ ಕೂತು ಅವನ ಅತ್ತೆ, ಹೆಂಡತಿಯ ತಾಯಿ, ಹಾದುಹೋದಳು. ಸದ್ದು ಅಡಗಿದ ಮೇಲೆ ಅಧ್ಯಕ್ಷ ಕಿವಿಯಿಂದ ಜೇಡ ಕೊಡವಿಕೊಳ್ಳುತ್ತಾ ಹೊರಬಂದ.

ನಗುವವರು ಯಾರೂ ಇರಲಿಲ್ಲ. ಆ ಸೀಮೆಯಲ್ಲಿ ಮದುವೆಯಾದ, ಮದುವೆ ಗೊತ್ತಾದ ಗಂಡಸು ಅತ್ತೆಯ ಎದುರು ಬೀಳಬಾರದು. ಮುಟ್ಟಿದನೋ, ಕೈಕಾಲಿಗೆ ನಡುಕ ಹತ್ತಿ ಗೋರಿಯ ತನಕ ಜೊತೆಗೆ ಬರುತ್ತದೆ.

"ಆ ಸೈಕಲ್ಲಿಗೆ ಯಾರೂ ಎಣ್ಣೆ ಬಿಡದಂಗೆ ನೋಡ್ಕೊಂಡಿದೀನಿ," ಎಂದ ಅಧ್ಯಕ್ಷ, ಲೋಟ ವಾಪಸ್ಸು ಪಡೆಯುತ್ತಾ. "ಆ ಕಿರ್ ಕಿರ್ ಇರೋದ್ರಿಂದ ನಾನಿನ್ನೂ ಬದುಕಿದೀನಿ. ಸರಿ, ನಿನ್ನ ಕತೆ ಏನೀಗ?"

"ಹೊಸ ಶಾಕು ಹಾಕಿಸ್ತೀನಿ," ಎಂದ ಕಯೀವ.

"ದುಡ್ಡು?"

ದುಡ್ಡಿತ್ತು. ಶನಿವಾರ ಮಾತು ಕುದುರಿದರೆ ಹೆಣ್ಣಿನ ತಾಯಿಗೆ ಗೋಮೆಸಿ ಉಡಿಸಬೇಕು. ಭುಜ ಎದ್ದು ನಿಲ್ಲುವ, ಸೊಂಟಕ್ಕೆ ಅಗಲ ಪಟ್ಟಿ ಬಿಗಿಯುವ ರೇಷ್ಮೆಯ ಉಡುಗೆ. ಅದಕ್ಕೆಂದು ಕೂಡಿಟ್ಟ ಗಂಟು ಅವನ ಜೇಬಿನಲ್ಲೇ ಇತ್ತು. ಗಿರಾಕಿ ಸಿಕ್ಕರೆ ಗೋಮೆಸಿ ಮತ್ತೆ ಬರುತ್ತದೆ, ಗಿರಾಕಿ ಇಲ್ಲದಿದ್ದರೆ ಗೋಮೆಸಿ ಉಡುವ ಅತ್ತೆಯೇ ಇಲ್ಲ ಎಂದು ಅವನು ಲೆಕ್ಕ ಹಾಕಿದ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಬಿಡಿಭಾಗದ ಅಂಗಡಿಗೆ ಅವನೊಬ್ಬನೇ ಹೋಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅಧ್ಯಕ್ಷ ಬಂದ. "ಅಣ್ಣತಮ್ಮಂದಿರಲ್ವಾ," ಎನ್ನುತ್ತಾ ಕಟೆರೆಗನೂ ಬಂದ. ಈ ಕಟೆರೆಗ ನಾಲೊಂಗೊ ಮೇಲೆ ಕಣ್ಣಿಟ್ಟ ಇನ್ನೊಬ್ಬ ಬೋಡಾದವನು. ಬೆಣ್ಣೆ ಮಾತಿನವನು, ಬೆಣ್ಣೆ ಕದಿಯುವವನೂ ಹೌದು.

ಅಂಗಡಿಯವನು ಥಳಥಳಿಸುವ ಕೆಂಪು ಜೊತೆಯೊಂದನ್ನು ಮಗುವನ್ನು ಎತ್ತಿಕೊಂಡಂತೆ ತಂದ. ಪಕ್ಕದಲ್ಲೊಂದು ಪುಟ್ಟ ಡಬ್ಬಿ ಬೇರೆ ಅಂಟಿಕೊಂಡಿತ್ತು.

"ಇದು ಗ್ಯಾಸಿಂದು. ರೇಸಿನವರು ಹಾಕೋದು."

"ಸ್ವಲ್ಪ ಉದ್ದ ಆಯ್ತಲ್ವಾ?" ಎಂದ ಕಯೀವ. "ಹಳೇದು ಬಿಚ್ಚಿ ಅಳತೆಗೆ ತರ್ಬೇಕಿತ್ತು."

"ಅಳತೆ ಯಾಕೋ, ಕಣ್ಣಿಲ್ವಾ?" ಎಂದ ಅಧ್ಯಕ್ಷ. "ಉದ್ದ ಇದ್ರೆ ಗಾಡಿ ಎತ್ತರ. ಗಾಡಿ ಎತ್ತರ ಇದ್ರೆ ಗುಂಡಿ ಕೆಳಗೇ ಉಳಿಯುತ್ತೆ. ಲೋಕಜ್ಞಾನ ಅದು!"

"ಕೆಂಪು ನಿನ್ನ ಮೈಬಣ್ಣಕ್ಕೆ ಒಪ್ಪುತ್ತೆ ಕಣೋ," ಎಂದ ಕಟೆರೆಗ.

ಅಧ್ಯಕ್ಷನ ಮಾತು ಮೀರಿದರೆ ನಾಳೆ ಸರದಿ ಸಾಲಿನ ಕೊನೆಗೆ ಹೋಗುತ್ತದೆ. ಕೆಂಪು ಜೊತೆಯೇ ಆಯಿತು.

ಮೆಕ್ಯಾನಿಕ್ ಮುಸೀಸಿಯ ಅಂಗಡಿ ಎಂದರೆ ಒಂದು ಮಾವಿನ ಮರ, ಒಂದು ಸ್ಪಾನರ್ ಗಂಟು, ಮತ್ತು ತಲೆಕೆಳಗೆ ಹಾಕಿದ ಡಬ್ಬದ ಮೇಲೆ ಸದಾ ಹೊಗೆಯಾಡುವ ಅವನ ಹುರುಳಿಕಾಯಿ ಊಟ. ಬೈಕಿನ ನಡು ಸ್ಟ್ಯಾಂಡು ಮುರಿದಿದ್ದರಿಂದ ಇಂಜಿನ್ನಿನ ಕೆಳಗೆ ಕಲ್ಲು ಕೊಟ್ಟು ನಿಲ್ಲಿಸಿದರು.

"ಒಂದು ಕಡೆ ಬಿಚ್ಚಿ ಹೊಸದು ಹಾಕೋಣ, ಆಮೇಲೆ ಇನ್ನೊಂದು ಕಡೆ," ಎಂದ ಕಯೀವ.

"ನೀನು ಎರಡು ಸಲ ಸ್ನಾನ ಮಾಡ್ತೀಯಾ, ಎಡಗೈಗೊಂದು ಬಲಗೈಗೊಂದು?" ಎಂದ ಅಧ್ಯಕ್ಷ. "ಎರಡೂ ಒಟ್ಟಿಗೆ ಬಿಚ್ಚು ಮುಸೀಸಿ, ಹೊತ್ತು ಉಳಿಯುತ್ತೆ."

ಎರಡೂ ಬಿಚ್ಚಿ ಬಂದ ಕ್ಷಣ ಕಲ್ಲು ಜಾರಿತು. ಬೈಕು ದಣಿದ ಎಮ್ಮೆಯಂತೆ ಹಿಂಗಾಲು ಮಡಚಿ ಕೂತುಬಿಟ್ಟಿತು. ಕೂತದ್ದು ನೇರ ಮುಸೀಸಿಯ ಊಟದ ಮೇಲೆ. ತಟ್ಟೆ ಚಪಾತಿಯಾಯಿತು. ಮುಸೀಸಿ ಸ್ಪಾನರ್ ಕೆಳಗಿಟ್ಟು, ಕಯೀವ ಬೇರೆ ಊಟ ತರಿಸಿಕೊಟ್ಟು ಅವನು ಉಂಡು ಬೆರಳು ನೆಕ್ಕುವ ತನಕ ಒಂದು ನಟ್ಟನ್ನೂ ಮುಟ್ಟಲಿಲ್ಲ.

ಅಂತೂ ಕೆಂಪು ಶಾಕು ಏರಿದವು. ಗಾಡಿ ಹಾಯಲು ಬಂದ ಟಗರಿನಂತೆ ತಲೆ ತಗ್ಗಿಸಿ ಬೆನ್ನೆತ್ತಿ ನಿಂತಿತು. ಪರೀಕ್ಷೆಗೆಂದು ಕಟೆರೆಗ ಹಿಂದೆ ಹತ್ತಿದ. ಮೊದಲ ಬ್ರೇಕಿಗೇ ಜಾರಿ ಬಂದು ಕಯೀವನ ಕೊರಳಿಗೆ ಜೋತುಬಿದ್ದ. ಎರಡನೆಯ ಬ್ರೇಕಿಗೆ ಇಬ್ಬರೂ ಪೆಟ್ರೋಲ್ ಟ್ಯಾಂಕಿನ ಮೇಲಿದ್ದರು.

"ದೂರ ಕೂತ್ಕೊಳೋ!"

"ನಾನೆಲ್ಲಿ ಕೂತಿದೀನಿ, ಜಾರ್ತಾ ಇದೀನಿ! ಇದು ಗಾಡಿನಾ, ಬೆಟ್ಟಾನಾ?"

ಸ್ಟೇಜಿಗೆ ಬಂದು ಪಕ್ಕದ ಸ್ಟ್ಯಾಂಡು ಹಾಕಿದರೆ, ಎತ್ತರಕ್ಕೇರಿದ ಗಾಡಿಗೆ ಆ ಸ್ಟ್ಯಾಂಡು ಮೋಟಾಗಿತ್ತು. ಗಾಡಿ ನಿಧಾನಕ್ಕೆ ವಾಲಿತು. ಅಧ್ಯಕ್ಷನ ಗಾಡಿಯ ಮೇಲೆ ಬಿತ್ತು. ಅದು ಪಕ್ಕದ್ದರ ಮೇಲೆ, ಪಕ್ಕದ್ದು ಅದರಾಚೆಯದರ ಮೇಲೆ. ಇಡೀ ಸ್ಟೇಜು ಮಲಗಿತು. ಕನ್ನಡಿಗಳು ಒಡೆದ ಸದ್ದು ನಿಂತ ಮೇಲೆ ಎಲ್ಲರೂ ಕಯೀವನನ್ನೇ ನೋಡಿದರು. ಅಧ್ಯಕ್ಷನನ್ನು ಯಾರೂ ನೋಡಲಿಲ್ಲ. ಮೇಲಿರುವವನು ಕೊಟ್ಟ ಬುದ್ಧಿ ಕೆಟ್ಟರೆ ಕೆಳಗಿರುವವನ ತಪ್ಪು. ರಸ್ತೆಯ ನ್ಯಾಯವೂ ಅದೇ, ಸ್ಟೇಜಿನ ನ್ಯಾಯವೂ ಅದೇ.

ಕಯೀವ ಈ ಸಲ ಹಳೆಯ ಶಾಕನ್ನು ಕಂಕುಳಲ್ಲಿಟ್ಟುಕೊಂಡು, ಯಾರನ್ನೂ ಕರೆಯದೆ ಓಡಿದ. ಕರೆಯದಿದ್ದರೂ ಇಬ್ಬರೂ ಹಿಂದೆ ಬಂದರು.

"ದುಡ್ಡು ವಾಪಸ್ಸಿಲ್ಲ," ಎಂದ ಅಂಗಡಿಯವನು. "ಬೇಕಾದ್ರೆ ಬದಲಾಯಿಸ್ಕೋ, ಕೆಂಪು ಬಿಚ್ಚಿ ತಂದ್ಕೊಡು."

ಕಯೀವ ಮೇಲಿನ ತೂತಿಗೆ ತೂತು, ಕೆಳಗಿನ ತೂತಿಗೆ ತೂತು ಹಿಡಿದು ಒಂದೊಂದನ್ನೂ ಅಳೆದ. ಉದ್ದ ಸರಿಹೊಂದಿದ್ದು ಒಂದೇ ಜೊತೆ. ಕಪ್ಪು ಬಣ್ಣ, ಹೆಬ್ಬೆರಳು ದಪ್ಪದ ಸ್ಪ್ರಿಂಗು. ಇದ್ದಿಲ ಮೂಟೆ ಹೇರುವವರು ಹಾಕಿಸುವಂಥದ್ದು.

ಮತ್ತೆ ಮಾವಿನ ಮರ. ಈ ಸಲ ಒಂದೊಂದೇ ಕಡೆ. ಪರೀಕ್ಷೆಗೆ ಅಧ್ಯಕ್ಷನೇ ಹತ್ತಿದ. ಆಳು ಪೊರಕೆ ಕಡ್ಡಿ. ತಿರುವಿನ ಗುಂಡಿ ಬಂದಾಗ ಗಾಡಿ ಅವನನ್ನು ಚಿಮ್ಮಿಸಿತು. ಅವನು ಸೀಟಿಗೇ ವಾಪಸ್ಸು ಬಿದ್ದ. ಅವನ ಟೋಪಿ ಮಾತ್ರ ಹಾರಿ ಚಪಾತಿ ಬೇಯಿಸುವವನ ಕಾದ ಎಣ್ಣೆಗೆ ಬಿತ್ತು.

"ಇದು ಶಾಕಲ್ಲ, ಕಲ್ಲು!" ಎಂದು ಅಧ್ಯಕ್ಷ ಕೂಗಾಡಿದ. "ಬಿಚ್ಚು ಇದನ್ನ! ಅಂಗಡಿಯವನ ತಲೆ ಮೇಲೆ ಹಾಕು!"

ಕಯೀವ ಗುಂಡಿಯ ದಡದಲ್ಲೇ ಕುಕ್ಕರಿಸಿದ. ಬಿಸಿಲು ಆಗಲೇ ವಾಲಿತ್ತು. ಗೋಮೆಸಿ ಹೋಯಿತು, ಗಿರಾಕಿ ಹೋದಳು, ಶನಿವಾರದ ಚಹಾ ಹೋಯಿತು. ಓದು ಬಿಟ್ಟ ದಿನ ಮೇಷ್ಟ್ರು, "ನೀನು ಗುಂಡಿಗೆ ಬೀಳ್ತೀಯ," ಎಂದಿದ್ದರು. ಇದೇ ಗುಂಡಿ ಎಂದು ಅಂದೇ ತೋರಿಸಿದ್ದರೆ ಬಳಸಿಕೊಂಡು ಹೋಗುತ್ತಿದ್ದ.

ಎಣ್ಣೆಯಲ್ಲಿ ಉಬ್ಬುತ್ತಿದ್ದ ಟೋಪಿಯನ್ನೇ ನೋಡುತ್ತಿದ್ದವನು ಫಕ್ಕನೆ ಎದ್ದ. "ಅಣ್ಣ, ಸ್ಪ್ರಿಂಗ್ ಗಟ್ಟಿ ಇಲ್ಲ. ನೀನು ಹಗುರ."

"ಏನಂದೆ?"

"ನಾಲೊಂಗೊ ಕೂತ್ರೆ ಇದು ಸರಿಯಾಗಿ ಅಮುಕುತ್ತೆ. ಅವರ ತೂಕ ಇಟ್ಟು ನೋಡ್ಬೇಕು."

ಅಲ್ಲಿಂದ ಶುರುವಾಯಿತು ಚರ್ಚೆ. ನಾಲೊಂಗೊ ತೂಕ ಎಷ್ಟು ಬಾಳೆಗೊನೆ? ನಾಲ್ಕು ಎಂದ ಮುಸೀಸಿ. "ಕೂತಾಗ ನಾಲ್ಕು, ಬೈಯುವಾಗ ಐದು," ಎಂದ ಚಪಾತಿಯವನು. ಕೊನೆಗೆ ದಪ್ಪ ಗೊನೆಗಳನ್ನು ಎರವಲು ತಂದು ಸೀಟಿನ ಮೇಲೆ ನಿಲ್ಲಿಸಿ, ಬೀಳದಂತೆ ಮಳೆಕೋಟು ತೊಡಿಸಿ ಹಗ್ಗ ಬಿಗಿದರು. ಕಯೀವ ಹೊರಟ. ದಾರಿಯಲ್ಲಿ ಒಬ್ಬಳು ಮುದುಕಿ ನಿಂತು ಗೊನೆಗಳನ್ನು ಬಲು ಮರ್ಯಾದೆಯಿಂದ ಮಾತಾಡಿಸಿದಳು. "ಹೇಗಿದ್ದೀಯ ತಾಯಿ? ಮನೇಲಿ ಎಲ್ಲಾ ಸೌಖ್ಯನಾ?" ಗೊನೆಗಳು ಸುಮ್ಮನಿದ್ದವು. "ಈಗಿನ ಹೆಂಗಸರಿಗೆ ಏನು ಸೊಕ್ಕಪ್ಪ," ಎನ್ನುತ್ತಾ ಮುದುಕಿ ಮುಂದೆ ಹೋದಳು.

ಗಾಡಿ ಅಮುಕಿತು, ಎದ್ದಿತು, ಚಿಮ್ಮಲಿಲ್ಲ. ಆದರೆ ಏಡಿಯಂತೆ ಓರೆಯಾಗಿ ಓಡುತ್ತಿತ್ತು. ಬಗ್ಗಿ ನೋಡಿದರೆ, ಸ್ಪ್ರಿಂಗಿನ ಬಿಗಿ ಕೂರಿಸುವ ಬಳೆಯನ್ನು ಮುಸೀಸಿ ಎಡಗಡೆ ಪೂರ್ತಿ ಬಿಗಿದು ಬಲಗಡೆ ಪೂರ್ತಿ ಸಡಿಲ ಬಿಟ್ಟಿದ್ದ.

"ಯಾಕಣ್ಣ ಹಿಂಗೆ?"

"ಎಡಗಡೆ ಹಾಕುವಾಗ ತಟ್ಟೆ ನೆನಪಾಗಿ ಸಿಟ್ಟು ಬಂದಿತ್ತು," ಎಂದ ಮುಸೀಸಿ. "ಬಲಗಡೆ ಬರೋಷ್ಟರಲ್ಲಿ ಹೋಗಿತ್ತು."

ಎರಡೂ ಬಳೆಗಳನ್ನು ಒಂದೇ ಮೆಟ್ಟಿಲಿಗೆ ತಿರುಗಿಸಿದರು. ಕಯೀವ ಮತ್ತೆ ಗುಂಡಿಯ ಮೇಲೆ ಹಾಯಿಸಿದ. ಸದ್ದಿಲ್ಲ. ಧಡ್ ಇಲ್ಲ, ಮೇಕೆಯ ಅರಚಾಟವೂ ಇಲ್ಲ. ಬೆಕ್ಕು ಗೋಡೆಯಿಂದ ಇಳಿದಂತೆ ಗಾಡಿ ಗುಂಡಿಗಿಳಿದು ಮೇಲೆ ಬಂತು. ಅವನು ಹಿಂದಿರುಗಿ ಮಳೆಕೋಟಿನ ಗೊನೆಯನ್ನು ಅಪ್ಪಿಕೊಂಡ.

ಸಂಜೆ ನಾಲೊಂಗೊ ಬಂದಾಗ ಕಟೆರೆಗ ಮೊದಲೇ ತಯಾರಾಗಿದ್ದ. ಹಾಸಿಗೆಯ ಸ್ಪಂಜು ಕತ್ತರಿಸಿ ಸೀಟಿಗೆ ಕಟ್ಟಿದ್ದ. "ಬನ್ನಿ ಅಮ್ಮ, ಮೋಡದ ಮೇಲೆ ಕೂತಂಗಿರುತ್ತೆ!" ನಾಲೊಂಗೊ ಕೂತಳು. ಸ್ಪಂಜು ನಿಟ್ಟುಸಿರು ಬಿಟ್ಟು ಕಾಗದವಾಯಿತು. ಗುಂಡಿಯ ತನಕ ಹೋಗಿ ಬಂದವಳು ಸೊಂಟ ಹಿಡಿದುಕೊಂಡೇ ಇಳಿದಳು.

"ಹಾಸಿಗೆ ಮೆತ್ತಗಿದ್ರೆ ಮಂಚ ಮುರಿದಿರೋದು ಗೊತ್ತಾಗಲ್ಲ ಅಂದ್ಕೊಂಡ್ಯೇನೋ?" ಎಂದು ಕಯೀವನ ಗಾಡಿ ಹತ್ತಿದಳು. "ನಡಿ. ನಾಲಿಗೆ ಒಳಗಿಟ್ಕೊಂಡೇ ಕೂತಿರ್ತೀನಿ."

ಗುಂಡಿ ಬಂತು, ಹೋಯಿತು. ನಾಲೊಂಗೊ ಹಿಡಿದಿಟ್ಟ ಉಸಿರು ಬಿಟ್ಟಳು. "ಗುಂಡಿ ಎಲ್ಲೋ?"

"ದಾಟಿದ್ವಿ ಅಮ್ಮ."

"ಸುಳ್ಳು!"

ಮುಂದಿನ ಗುಂಡಿಗೂ ಹಾಗೇ ಆಯಿತು. ಮೂರನೆಯದನ್ನು ಅವಳು ಕೇಳಲಿಲ್ಲ. ದಿನವಿಡೀ ಗೊನೆ ಮಾರಿ ದಣಿದ ದೇಹ ಮೆಲ್ಲಗೆ ವಾಲಿ, ತಲೆ ಕಯೀವನ ಹೆಗಲ ಮೇಲೆ ಬಂತು. ಎರಡೂ ಕೈ ಅವನ ಸೊಂಟ ಬಳಸಿದವು. ಗೊರಕೆ ಶುರುವಾಯಿತು. ಕಯೀವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಶನಿವಾರ ಸೋದರತ್ತೆಯ ಎದುರು ಕೂತು, 'ಖಾಯಂ ಗಿರಾಕಿ ಇದ್ದಾರೆ, ನನ್ನ ಹೆಗಲ ಮೇಲೇ ನಿದ್ದೆ ಮಾಡ್ತಾರೆ' ಎಂದು ಹೇಳುವ ಮಾತನ್ನು ಬಾಯಿಪಾಠ ಮಾಡಿಕೊಂಡ.

ಹಲಸಿನ ಮರ ಬಂದಾಗ ನಾಲೊಂಗೊ ಒಂದು ಕಣ್ಣು ತೆರೆದಳು. "ಇಲ್ಲೇ ಒಳಗೆ ತಿರುಗಿಸು."

ಕಯೀವ ಅಳುಕಿದ. ನಲ್ವೋಗಳ ಓಣಿ. ಇರಲಿ, ಓಣಿಯಲ್ಲಿ ಹತ್ತಾರು ಮನೆಗಳಿವೆ ಎಂದುಕೊಂಡು ಟೋಪಿ ಕೆಳಗೆಳೆದುಕೊಂಡ. ಹಸಿರು ಬಾಗಿಲಿನ ಮನೆಯ ಮುಂದೆ ಗಾಡಿ ನಿಂತಿತು. ಒಳಗಿಂದ ಹುಡುಗಿಯೊಬ್ಬಳು ಓಡಿಬಂದು, ಹಿರಿಯರಿಗೆ ನಮಸ್ಕರಿಸುವ ಅಲ್ಲಿನ ಪದ್ಧತಿಯಂತೆ ಮಂಡಿಯೂರಿದಳು.

"ಬಂದ್ಯಾ ಅಮ್ಮ? ಬೆನ್ನು ಹೆಂಗಿದೆ?"

"ಬೆನ್ನಾ? ಇದೆ ಅನ್ನೋದೇ ಮರ್ತಿದ್ದೆ ಕಣೇ! ಈ ಹುಡುಗನ್ನ ನೋಡು, ಬಂಗಾರ. ಇವನ ಹೆಗಲ ಮೇಲೇ ನಿದ್ದೆ ಹೊಡ್ಕೊಂಡು ಬಂದೆ."

ನಲ್ವೋಗ ತಲೆಯೆತ್ತಿದಳು. ಕಯೀವ ಟೋಪಿ ಎತ್ತಿದ. ಸೊಂಟದ ಮೇಲೆ ನಾಲೊಂಗೊ ಕೈ ಇನ್ನೂ ಹಾಗೇ ಇತ್ತು.

"ಅಮ್ಮ," ಎಂದಳು ನಲ್ವೋಗ. "ಶನಿವಾರ ಬರೋನು... ಇವನೇ."

ಅಷ್ಟು ದಪ್ಪದ ಹೆಂಗಸು ಅಷ್ಟು ಬೇಗ ಗಾಡಿಯಿಂದಿಳಿದದ್ದನ್ನು ಆ ಓಣಿ ಅದುವರೆಗೆ ಕಂಡಿರಲಿಲ್ಲ. "ಅಯ್ಯಯ್ಯೋ!" ಎಂದು ಸೆರಗಿನಿಂದ ಮುಖ ಮುಚ್ಚಿ ಬೆಣ್ಣೆಹಣ್ಣಿನ ಮರದ ಹಿಂದೆ ಓಡಿದಳು. ಕಯೀವ ಗಾಡಿಯ ಹಿಂದೆ ಕುಸಿದ. ಮರ ಸಣ್ಣದು, ನಾಲೊಂಗೊ ಎರಡೂ ಕಡೆ ಕಾಣುತ್ತಿದ್ದಳು. ಖಾಯಂ ಗಿರಾಕಿ ಸಿಗಲಿ ಎಂದಿದ್ದವನಿಗೆ ಗಿರಾಕಿಯೇ ಅತ್ತೆಯಾಗಿ ಸಿಕ್ಕಿದ್ದಳು. ಅವನ ಕೈ ಆಗಲೇ ಗಡಗಡ ನಡುಗುತ್ತಿತ್ತು.

ಗದ್ದಲಕ್ಕೆ ಸೋದರತ್ತೆ ಹೊರಬಂದಳು. ಗೆದ್ದವರಾರು ಎಂದು ನೋಡಲು ಹಿಂದೆಯೇ ಬಂದಿದ್ದ ಅಧ್ಯಕ್ಷನೂ ಕಟೆರೆಗನೂ ಅಂಗಳದ ಬಾಗಿಲಲ್ಲಿ ನಿಂತಿದ್ದರು. ಸೋದರತ್ತೆ ವಿಷಯ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, ಮರಕ್ಕೂ ಗಾಡಿಗೂ ನಡುವೆ ನಿಂತು ನ್ಯಾಯ ಶುರುಮಾಡಿದಳು.

"ಗೊತ್ತಿಲ್ದೆ ಮುಟ್ಟಿದ್ದು, ದೋಷ ಕಳೆಯೋಕೆ ದಾರಿ ಇದೆ. ಹುಡುಗ ತನ್ನದೇನಾದ್ರೂ ಕಾಣಿಕೆ ಕೊಡ್ಬೇಕು. ಅದಿರ್ಲಿ, ಮೊದಲು ನೀನು ಹೇಳಮ್ಮ, ಹುಡುಗ ಒಪ್ಪಿಗೇನಾ?"

"ಒಪ್ಪಿಗೆ!" ಎಂದಿತು ಮರ. "ನನ್ನ ಬೆನ್ನನ್ನೇ ಇಷ್ಟು ಜೋಪಾನ ಮಾಡ್ದೋನು ಮಗಳನ್ನ ಕೆಡವ್ತಾನಾ? ಆದ್ರೆ ನಾಳೆಯಿಂದ ನಾನು ಯಾರ ಗಾಡೀಲಿ ಹೋಗ್ಲಿ?" ಆ ದನಿಯಲ್ಲಿ ನಿಜವಾದ ದುಃಖವಿತ್ತು.

"ಅದು ಆಮೇಲೆ. ಕಾಣಿಕೆಗೆ ಒಂದು ಗೋಮೆಸಿ ಆಗುತ್ತೇನಪ್ಪಾ?"

"ಗೋಮೆಸಿ ದುಡ್ಡು ಇತ್ತು," ಎಂದಿತು ಗಾಡಿಯ ಹಿಂದಿನ ದನಿ. "ಅದನ್ನೇ ಶಾಕಿಗೆ ಹಾಕ್ಬಿಟ್ಟೆ."

ಮರ ಅಲುಗಿತು. "ಹಂಗಾದ್ರೆ ಅದೇ ನನ್ನ ಗೋಮೆಸಿ. ಬಿಚ್ಚಿಸಿ ಕೊಡ್ಲಿ."

"ಬಿಚ್ಚಿ ಏನ್ಮಾಡ್ತೀಯೇ, ಸೊಂಟಕ್ಕೆ ಕಟ್ಕೋತೀಯಾ?"

"ಅಳಿಯ ಅಲ್ದೋನ ಗಾಡಿಗೆ ಹಾಕಿಸ್ತೀನಿ."

ಬಾಗಿಲಲ್ಲಿ ಕಟೆರೆಗ ಮೆಲ್ಲಗೆ ಕೆಮ್ಮಿದ.

ಹೊತ್ತು ಮುಳುಗುವ ಮೊದಲು ಮಾವಿನ ಮರದ ಕೆಳಗೆ ಕಪ್ಪು ಶಾಕು ಕಟೆರೆಗನ ಗಾಡಿ ಏರಿದವು. ಮೇಕೆಯ ದನಿಯ ಹಳೆಯವು ಕಯೀವನ ಗಾಡಿಗೆ ಮರಳಿದವು. "ಒಂದೊಂದೇ ಕಡೆ ಬಿಚ್ಚು ಮುಸೀಸಿ, ಅಷ್ಟೂ ಗೊತ್ತಾಗಲ್ವಾ?" ಎಂದ ಅಧ್ಯಕ್ಷ.

ನಲ್ವೋಗ ಅಲ್ಲೇ ಇದ್ದಳು. ಸೋದರತ್ತೆಯೇ ಕಳಿಸಿದ್ದಳು. ಮಾತು ಕುದುರಿದ ಮೇಲೆ ಮುಚ್ಚುಮರೆ ಏನು. ಕಯೀವನ ಮುಖ ನೋಡಿ ಅವಳೇ ಹಿಂದಿನ ಸೀಟು ಹತ್ತಿದಳು.

"ಖಾಯಂ ಗಿರಾಕಿ ಹೋಯ್ತು, ಶಾಕು ಹೋಯ್ತು, ಗೋಮೆಸಿನೂ ಹೋಯ್ತು," ಎಂದ ಕಯೀವ.

"ಖಾಯಂ ಗಿರಾಕಿ ಹಿಂದೆ ಕೂತಿದಾಳೆ, ಗಾಡಿ ಬಿಡು," ಎಂದಳು ನಲ್ವೋಗ. "ನನಗೆ ಈ ಕುಣಿಯೋ ಗಾಡಿನೇ ಇಷ್ಟ. ಗುಂಡಿ ಬಂದಾಗ ಹಿಡ್ಕೊಳೋಕೆ ಒಂದು ನೆಪ."

ಕಯೀವನಿಗೆ ನಗು ಬಂತು. ಬೆಳಗಿನಿಂದ ಅದೇ ಮೊದಲು. ಗಾಡಿ ಅರಚುತ್ತಾ ಹೊರಟಿತು. ಹ್ಯಾಂಡಲ್ಲಿನ ಮೇಲೆ ಕೈ ಇನ್ನೂ ನಡುಗುತ್ತಿತ್ತು. ಅತ್ತೆ ಮುಟ್ಟಿದ ನಡುಕವೋ ಹಳೆಯ ಶಾಕಿನ ನಡುಕವೋ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಬದುಕಬಹುದು ಎನ್ನಿಸಿತು.

"ಅತ್ತೆ ಬರೋ ಸದ್ದಿಗೆ ಕಿವಿ ಕೊಟ್ಟಿರೋ!" ಎಂದು ಹಿಂದಿನಿಂದ ಅಧ್ಯಕ್ಷ ಕೂಗಿದ. "ಅದನ್ನ ಕಲಿತ್ರೆ ಸಂಸಾರ ಕಲಿತಂಗೆ!"

ಕಯೀವ ಕಿವಿ ಕೊಟ್ಟ. ಯಾವ ಸದ್ದೂ ಇರಲಿಲ್ಲ. ತಿರುವಿನಲ್ಲಿ ಗಾಡಿ ತಿರುಗಿಸಿದ. ಎದುರಿಗೇ, ಮಾರು ದೂರದಲ್ಲಿ, ಹೊಸ ಶಾಕಿನ ರುಚಿ ನೋಡಲು ಹೊರಟ ನಾಲೊಂಗೊ ಕಟೆರೆಗನ ಹಿಂದೆ ಕೂತು, ಬೆಕ್ಕು ನಡೆದಷ್ಟು ನಿಶ್ಶಬ್ದವಾಗಿ ತೇಲಿ ಬರುತ್ತಿದ್ದಳು.

"ಅಮ್ಮ!" ಎಂದು ಚೀರಿದಳು ನಲ್ವೋಗ. ಕಯೀವ ಕಣ್ಣು ಮುಚ್ಚಿ ಗಾಡಿಯನ್ನು ಗುಂಡಿಯ ಮೇಲಿಂದಲೇ ಬಾಳೆತೋಟಕ್ಕೆ ನುಗ್ಗಿಸಿದ. ಧಡ್! ನಲ್ವೋಗ ಅವನ ಸೊಂಟವನ್ನು ಬಿಗಿಯಾಗಿ ಹಿಡಿದು ಕಿಲಕಿಲ ನಗುತ್ತಿದ್ದಳು. ಅವನೂ ನಗಬೇಕೆಂದು ಬಾಯಿ ತೆರೆದ. ಆಗಲಿಲ್ಲ.

ಈ ಸಲ ನಾಲಿಗೆ ಕಚ್ಚಿಕೊಂಡವನು ಅವನು.